ತರಗು ಬೆಂಕಿ

ಕಾಡಿಗೆ ಹತ್ತುವ ಬೆಂಕಿಗೆ ನಮ್ಮ ಗ್ರಂಥಭಾಷೆಯಲ್ಲಿ ಹೆಸರುಗಳ ಬಡತನವಿಲ್ಲ: ಕಾಳ್ಗಿಚ್ಚು, ದಾವಾನಲ, ದಾವಾಗ್ನಿ. ಪಂಪನ ಖಾಂಡವದಹನವನ್ನು ವರ್ಷಗಟ್ಟಲೆ ಪಾಠ ಹೇಳಿದ ನಾನು, ಇವೆಲ್ಲವೂ ಸಂಹರಿಸುವ ಬೆಂಕಿಯ ಹೆಸರುಗಳೇ ಎಂಬುದನ್ನು ಬಹುಕಾಲ ಗಮನಿಸಿರಲಿಲ್ಲ. ಕಾಡನ್ನು ಕಾಯುವ ಬೆಂಕಿಗೂ ಒಂದು ಮಾತುಂಟು. ಅದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರದು: ತರಗು ಬೆಂಕಿ.

ತರಗೆಂದರೆ ಉದುರಿದ ಒಣ ಎಲೆ. ಬೇಸಗೆಯ ಬಿಸಿಲು ಬಲಿಯುವುದಕ್ಕೆ ಮುಂಚೆ, ನೆಲದಲ್ಲಿ ತೇವವೂ ಹುಲ್ಲಿನ ಬುಡದಲ್ಲಿ ಹಸುರೂ ಇನ್ನೂ ಉಳಿದಿರುವಾಗಲೇ ಸೋಲಿಗರು ಈ ತರಗಿಗೆ ಕಿಡಿಯಿಡುತ್ತಿದ್ದರು. ಗಿಡ್ಡ ಜ್ವಾಲೆ ನೆಲವನ್ನು ಸವರುತ್ತ ಸಾಗಿ, ತೇವ ಕಂಡಲ್ಲಿ ತಾನೇ ಆರುತ್ತಿತ್ತು. ದಪ್ಪ ತೊಗಟೆಯ ಮರಗಳಿಗೆ ಅದರಿಂದ ಹೆಚ್ಚಿನ ಬಾಧೆಯಿಲ್ಲ. ಎಳೆಯ ಪೊದೆಗಳು ಸುಟ್ಟು ಬಿಸಿಲು ನೆಲ ಮುಟ್ಟಿದರೆ, ಮೊದಲ ಮಳೆಗೇ ಬೂದಿಯ ನಡುವೆ ಎಳೆಹುಲ್ಲು. ಜಿಂಕೆ, ಕಡವೆ, ಕಾಟಿಗಳಿಗೆ ಅದು ಮೇವು. ಅವುಗಳ ಬೆನ್ನಿಗೆ ಹುಲಿ. ನೆಲ್ಲಿಮರವನ್ನು ಹಿಂಡುವ ಬಂದಳಿಕೆಯೂ ಈ ಬೆಂಕಿಯಿಂದ ಹತೋಟಿಯಲ್ಲಿತ್ತೆಂದು ಸೋಲಿಗರು ಹೇಳುತ್ತಾರೆ.

1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಕಿಡಿಯಿಡುವುದು ಅಪರಾಧವಾಯಿತು. ಕಾನೂನಿನ ಕಣ್ಣಿಗೆ ತರಗು ಬೆಂಕಿಯೂ ಕಾಳ್ಗಿಚ್ಚೂ ಒಂದೇ. (ಅರಣ್ಯ ಇಲಾಖೆಯವರೂ ಬೇಸಗೆಗೆ ಮುಂಚೆ ಬೆಂಕಿರೇಖೆಗಳನ್ನು ಸುಡುತ್ತಾರೆಂಬುದು ಬೇರೆ ಮಾತು.) ಈಚೆಗೆ ಆ ಬೆಟ್ಟವನ್ನು ಆವರಿಸಿದ್ದು, ಅಲಂಕಾರಕ್ಕೆಂದು 19ನೆಯ ಶತಮಾನದಲ್ಲಿ ಅಮೆರಿಕ ಖಂಡದ ಕಡೆಯಿಂದ ಭಾರತಕ್ಕೆ ಬಂದ ಲಂಟಾನ. 1997ರಲ್ಲಿಯೂ 2008ರಲ್ಲಿಯೂ ಅಳೆದು ನೋಡಿದ ಸಂಶೋಧಕರಿಗೆ, ನಡುವಣ ಅವಧಿಯಲ್ಲಿ ಅದು ವಿಪರೀತ ಹಬ್ಬಿದ್ದುದು ಕಂಡಿತು. ಬೆಂಕಿ ನಿಂತದ್ದೇ ಕಾರಣವೆನ್ನುತ್ತಾರೆ ಸೋಲಿಗರು. ಬೆಂಕಿಯೇ ಲಂಟಾನಕ್ಕೆ ದಾರಿಮಾಡಿಕೊಡುತ್ತದೆಂದು ವಾದಿಸಿದ ವಿಜ್ಞಾನಿಗಳೂ ಇದ್ದಾರೆ. ಎರಡು ಪಕ್ಷದವರೂ ಮಾತನಾಡುತ್ತಿರುವುದು ಒಂದೇ ಬೆಂಕಿಯ ಬಗೆಗಲ್ಲವೆಂದು ನನಗೆ ತೋರುತ್ತದೆ. ತೇವವಿರುವಾಗಿನ ಬೆಂಕಿ ಬೇರೆ, ಮಾರ್ಚಿಯ ಬೆಂಕಿ ಬೇರೆ.

ಹಾಗಾದರೆ ನಾಳೆಯೇ ಕಿಡಿಯಿಡಬಹುದೇ? ಆಗದು. ಆಳೆತ್ತರ ಬೆಳೆದು ಒಣಗಿದ ಲಂಟಾನ ಬೆಂಕಿಗೆ ಏಣಿಯಾಗುತ್ತದೆ. ಜ್ವಾಲೆ ಅದನ್ನೇರಿ ಮರದ ನೆತ್ತಿಯನ್ನೇ ಮುಟ್ಟೀತು. ಸುಟ್ಟರೂ ಬುಡದಿಂದ ಮತ್ತೆ ಚಿಗುರುವ ಗಿಡವದು. ಮೊದಲು ಬೇರುಸಹಿತ ಕೀಳಬೇಕು, ಹುಲ್ಲು ಮರಳಬೇಕು. ಹಳೆಯ ಬೆಂಕಿಯ ಮಾತು ಆಮೇಲಿನದು.

2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೂ ಮನ್ನಣೆ ದೊರೆಯಿತು. ಆದರೆ ಯಾವ ಇಳಿಜಾರಿಗೆ, ಯಾವ ಗಾಳಿಯಲ್ಲಿ, ದಿನದ ಯಾವ ಹೊತ್ತಿನಲ್ಲಿ ಕಿಡಿಯಿಡಬೇಕೆಂಬುದು ಓದಿ ಬರುವ ವಿದ್ಯೆಯಲ್ಲ; ಹಿರಿಯರ ಜೊತೆ ನಡೆದು ಕಲಿಯತಕ್ಕದ್ದು. ನಿಷೇಧ ಬಂದ ಮೇಲೆ ಹುಟ್ಟಿದ ಸೋಲಿಗರಲ್ಲಿ ಹಿರಿಯರಿಗೆ ಈಗಾಗಲೇ 50ರ ಆಸುಪಾಸು.