ಸೌರ ವಿದ್ಯುತ್ತಿಗೆ ಜಮೀನು: ಗುತ್ತಿಗೆಗೆ ಮುನ್ನ ಒಂದು ಲೆಕ್ಕ

ಮಳೆಯನ್ನೇ ನಂಬಿದ ಬಯಲುಸೀಮೆಯ ಊರುಗಳಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಗಿರಾಕಿಗಳು ಬರುತ್ತಿದ್ದಾರೆ. ಅವರಿಗೆ ಬೇಕಾದುದು ಫಸಲಲ್ಲ, ಬಿಸಿಲು. ಎಕರೆಗೆ ವರ್ಷಕ್ಕೆ ಇಂತಿಷ್ಟೆಂದು ಹಣ ಕೊಟ್ಟು, ಜಮೀನಿನಲ್ಲಿ ಸೌರ ಫಲಕಗಳನ್ನು ನಿಲ್ಲಿಸಿ ವಿದ್ಯುತ್ ತಯಾರಿಸಿ ಮಾರುವುದು ಅವರ ವ್ಯವಹಾರ. ಕೊಡುವುದೂ ಬಿಡುವುದೂ ರೈತರ ಇಚ್ಛೆ. ಆದರೆ ಕಡಲೆಕಾಯಿ ಮಾರುವ ಮೊದಲು ಪೇಟೆಯ ಧಾರಣೆ ವಿಚಾರಿಸುವ ನಾವು, ಬಿಸಿಲನ್ನು ಮಾರುವಾಗಲೂ ಅದರ ಪೇಟೆಯನ್ನು ವಿಚಾರಿಸಬೇಕು.

ಬೇಡಿಕೆ ಎಲ್ಲಿಂದ?

ಮನೆ, ಕಾರ್ಖಾನೆ, ಪಂಪ್‌ಸೆಟ್ಟುಗಳ ಜೊತೆಗೆ ಈಗ ಡೇಟಾ ಸೆಂಟರುಗಳು ಸೇರಿವೆ. ಇವು ಸಾಲುಸಾಲು ಕಂಪ್ಯೂಟರುಗಳನ್ನಿಟ್ಟ ದೊಡ್ಡ ಕಟ್ಟಡಗಳು. ನಮ್ಮ ಫೋನಿನ ಚಿತ್ರ, ಬ್ಯಾಂಕಿನ ಲೆಕ್ಕ ಎಲ್ಲವೂ ಇಂಥಲ್ಲಿಯೇ ಇರುತ್ತವೆ. ಯಂತ್ರ ನಡೆಸಲು ಮಾತ್ರವಲ್ಲ, ಅದರ ಬಿಸಿ ಆರಿಸಲೂ ಹಗಲಿರುಳು ವಿದ್ಯುತ್ ಬೇಕು. 2024ರಲ್ಲಿ ಪ್ರಪಂಚದ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 1.5ರಷ್ಟನ್ನು ಇವು ಬಳಸಿದವೆಂದೂ, 2030ರ ವೇಳೆಗೆ ಈ ಬಳಕೆ ಇಮ್ಮಡಿ ಮೀರಬಹುದೆಂದೂ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಸೂರ್ಯ ಮುಳುಗಿದ ಮೇಲೂ ವಿದ್ಯುತ್ ಕೊಡಬೇಕಾದರೆ ಹಗಲಿನಲ್ಲಿ ಹೆಚ್ಚು ತಯಾರಿಸಿ ಬ್ಯಾಟರಿಯಲ್ಲಿ ಕೂಡಿಡಬೇಕು. ಅಂದರೆ ಹೆಚ್ಚು ಫಲಕ, ಹೆಚ್ಚು ಜಮೀನು.

ಬೇಡಿಕೆ ಏರಿದರೂ ದರ ಮಾತ್ರ ಇಳಿದಿದೆ. 2010ರ ಕೊನೆಯಲ್ಲಿ ನಡೆದ ರಾಷ್ಟ್ರೀಯ ಸೌರ ಯೋಜನೆಯ ಮೊದಲ ಹರಾಜಿನಲ್ಲಿ ಯೂನಿಟ್ಟಿಗೆ 12 ರೂಪಾಯಿಯ ಆಸುಪಾಸಿನಲ್ಲಿದ್ದ ಬೆಲೆ, 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೆ, 2020ರಲ್ಲಿ ಗುಜರಾತಿನ ಹರಾಜಿನಲ್ಲಿ 1 ರೂಪಾಯಿ 99 ಪೈಸೆಗೆ ಬಂತು. ಫಲಕಗಳು ಅಗ್ಗವಾದುದೇ ಇದಕ್ಕೆ ಮುಖ್ಯ ಕಾರಣ. ಇಂಥ ಹರಾಜುಗಳಲ್ಲಿ ಒಪ್ಪಿದ ದರ ಸಾಮಾನ್ಯವಾಗಿ 25 ವರ್ಷ ಬದಲಾಗುವುದಿಲ್ಲ. ಕಂಪನಿಗೆ ಬರುವ ದರವೇ ಹೆಚ್ಚದಿರುವಾಗ, ಹತ್ತು ವರ್ಷ ಕಳೆದು ನಾವು ಬಾಡಿಗೆ ಹೆಚ್ಚಿಸಿರೆಂದರೆ ಅದು ಒಪ್ಪುವುದು ಕಷ್ಟ. ಚೌಕಾಸಿ ಏನಿದ್ದರೂ ಸಹಿಗೆ ಮುಂಚೆಯೇ ಆಗಬೇಕು.

ಪಾವಗಡದ ಉದಾಹರಣೆ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. 2018ರ ಮಾರ್ಚಿಯಲ್ಲಿ ಇದರ ಉದ್ಘಾಟನೆಯಾಯಿತು. ಇಲ್ಲಿ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಒಡೆತನ ರೈತರಲ್ಲಿಯೇ ಉಳಿಯಿತು. ಇದು ಮೆಚ್ಚತಕ್ಕ ಕ್ರಮ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ ಎಂಬುದು ಕರಾರು. ಬರಗಾಲಕ್ಕೆ ಹೆಸರಾದ ಆ ಸೀಮೆಯಲ್ಲಿ ಮಳೆ ಬಂದರೂ ಬಾರದಿದ್ದರೂ ಕೈಗೆ ಸೇರುವ ಈ ಹಣ ಚಿಕ್ಕದೇನಲ್ಲ. ಆದರೆ ಜಮೀನಿಲ್ಲದ ಕೂಲಿಯವರಿಗೆ ಈ ಬಾಡಿಗೆಯಲ್ಲಿ ಪಾಲಿಲ್ಲ. ಅದೇ ಹೊಲಗಳಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು ಬದುಕುತ್ತಿದ್ದವರು ಅವರು. ಕುರಿ ಮೇಯಿಸುವವರಿಗೂ ಬೇಲಿ ಅಡ್ಡ ಬಂತು.

ಈಗ ಲೆಕ್ಕ ನೋಡೋಣ. ಮೇಲಿನ ಏರಿಕೆಯಂತೆ 21,000 ರೂಪಾಯಿ 25ನೆಯ ವರ್ಷಕ್ಕೆ ಸುಮಾರು 37,700 ಆಗುತ್ತದೆ. ಕೇಳಲು ಇಂಪಾಗಿದೆ. ಆದರೆ ಅಕ್ಕಿ, ಬೇಳೆ, ಬಟ್ಟೆಗಳ ಬೆಲೆ ವರ್ಷಕ್ಕೆ ಶೇಕಡಾ 5ರಂತೆ ಏರಿತೆಂದು ಇಟ್ಟುಕೊಳ್ಳಿ. ಮೊದಲ ವರ್ಷ 21,000ಕ್ಕೆ ಬರುತ್ತಿದ್ದ ಸಾಮಾನಿಗೆ ಆಗ ಸುಮಾರು 67,700 ರೂಪಾಯಿ ಕೊಡಬೇಕು. ಕೈಗೆ ಬರುವ 37,700ಕ್ಕೆ ಇಂದಿನ 11,700 ರೂಪಾಯಿಯಷ್ಟೇ ಬೆಲೆ. "ಎರಡು ವರ್ಷಕ್ಕೊಮ್ಮೆ" ಎಂಬಲ್ಲಿ "ಪ್ರತಿ ವರ್ಷ" ಎಂದು ಬರೆಸಿದರೆ ಈ ನಷ್ಟ ಇಲ್ಲವಾಗುತ್ತದೆ.

ಕಂಪನಿಗೆ ಇದು ಭಾರವೇ? ಒಂದು ಮೆಗಾವಾಟಿಗೆ ಆರು ಎಕರೆ, ವರ್ಷಕ್ಕೆ 15 ಲಕ್ಷ ಯೂನಿಟ್ ಎಂದು ಒರಟಾಗಿ ಹಿಡಿದರೆ ಎಕರೆಗೆ ಎರಡೂವರೆ ಲಕ್ಷ ಯೂನಿಟ್ ಆಯಿತು. 21,000 ರೂಪಾಯಿ ಬಾಡಿಗೆ ಯೂನಿಟ್ಟಿಗೆ ಎಂಟು ಒಂಬತ್ತು ಪೈಸೆ ಮಾತ್ರ. ಫಲಕ, ತಂತಿ, ಸಾಲದ ಬಡ್ಡಿಗೆ ಅವರು ಕೋಟಿಗಟ್ಟಲೆ ಹಾಕುತ್ತಾರೆ, ನಿಜ. ಆದರೂ ಎರಡು ಮೂರು ಪೈಸೆಯ ಚೌಕಾಸಿಗೆ ಎಡೆಯಿದೆ.

ಕರಾರಿನಲ್ಲಿ ನೋಡಬೇಕಾದ್ದು

ಬಾಡಿಗೆ ಸಹಿಯ ದಿನದಿಂದ ಬರುವುದೋ, ವಿದ್ಯುತ್ ಉತ್ಪಾದನೆ ಆರಂಭವಾದಾಗಿನಿಂದಲೋ ಎಂಬುದನ್ನು ಮೊದಲು ಕೇಳಿ. ಕೆಲಸ ಎರಡು ವರ್ಷ ತಡವಾದರೆ ಅಷ್ಟು ಕಾಲ ಉಳುಮೆಯೂ ಇಲ್ಲ, ಹಣವೂ ಇಲ್ಲ ಎಂದಾಗಬಾರದು. ಮುಂಗಡ ಕೊಟ್ಟು ಜಮೀನನ್ನು ಬರಿದೆ ಕಾದಿರಿಸುವ ಕರಾರಾದರೆ ಅದಕ್ಕೆ ಕೊನೆಯ ದಿನಾಂಕ ಬರೆಸಿ. ಜಮೀನನ್ನು ಅಡವಿಡುವ ಹಕ್ಕು ಕಂಪನಿಗೆ ಇರಬಾರದು. ಕಂಪನಿ ಬೇರೆಯವರ ಕೈಗೆ ಹೋದರೆ ಹೊಸಬರೂ ಅದೇ ಷರತ್ತಿಗೆ ಬದ್ಧರೆಂದು ಇರಬೇಕು. ಅವಧಿ ಮುಗಿದಾಗ ಕಾಂಕ್ರೀಟ್ ಬುನಾದಿ ಕಿತ್ತು, ಬದುಗಳನ್ನು ಮೊದಲಿನಂತೆ ಮಾಡಿಕೊಡುವ ಖರ್ಚು ಯಾರದು? ಇದನ್ನು ಬಹಳ ಜನ ಕೇಳುವುದೇ ಇಲ್ಲ.

ಪಹಣಿ ತಾತನ ಹೆಸರಿನಲ್ಲಿಯೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆ ಬರಹದಲ್ಲಿರಲಿ. ಕರಾರಿನ ಕನ್ನಡ ಪ್ರತಿ ಕೇಳಿ ಪಡೆದು, ಸಹಿ ಮಾಡುವ ಮೊದಲು ನಿಮ್ಮ ಕಡೆಯ ವಕೀಲರೊಬ್ಬರಿಗೆ ತೋರಿಸಿ. ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಸಾಧ್ಯವಾದರೆ ಅಕ್ಕಪಕ್ಕದ ಹಿಡುವಳಿದಾರರು ಒಟ್ಟಾಗಿ ಮಾತನಾಡಿ: ಕಂಪನಿಗೆ ಬೇಕಾದುದು ಒಂದೇ ಕಡೆ ಕೂಡಿರುವ ನೂರಾರು ಎಕರೆ. ಇರುವ ಜಮೀನನ್ನೆಲ್ಲ ಕೊಡದೆ, ಬಾವಿಯ ಬಳಿಯ ತುಂಡನ್ನಾದರೂ ಮನೆಯ ರಾಗಿಗೆ, ದನದ ಮೇವಿಗೆ ಉಳಿಸಿಕೊಳ್ಳಿ.