ನಿಮ್ಮ ಊರಿನ ವೆಬ್‌ಸೈಟ್ ಲೆಕ್ಕ ಒಪ್ಪಿಸುತ್ತಿದೆಯೇ?

ಡಿಸೆಂಬರ್ 10 ಮತ್ತು ಏಪ್ರಿಲ್ 10. ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡಿರುವ ಕನ್ನಡಿಗರಿಗೆ ಯುಗಾದಿ ಮರೆತರೂ ಈ ತಾರೀಖುಗಳು ಮರೆಯುವುದಿಲ್ಲ. ಆಸ್ತಿ ತೆರಿಗೆಯ ಎರಡು ಕಂತುಗಳನ್ನು ದಂಡವಿಲ್ಲದೆ ಕಟ್ಟಲು ಅವೇ ಕಡೆಯ ದಿನಗಳು. ಆದರೆ ಕಟ್ಟಿದ ಹಣ ಏನಾಯಿತೆಂದು ನಮ್ಮಲ್ಲಿ ಎಷ್ಟು ಮಂದಿ ನೋಡುತ್ತೇವೆ?

ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಾಸ್ ಏಂಜಲೀಸ್ ಪಕ್ಕದ ಬೆಲ್ ನಗರ ಸಾಕ್ಷಿ. ಸುಮಾರು 35 ಸಾವಿರ ಜನರಿರುವ, ದುಡಿದು ತಿನ್ನುವವರ ಊರು. ಅಲ್ಲಿನ ಸಿಟಿ ಮ್ಯಾನೇಜರ್ ರಾಬರ್ಟ್ ರಿಝೊ ವರ್ಷಕ್ಕೆ 7,87,637 ಡಾಲರ್ ಸಂಬಳ ಪಡೆಯುತ್ತಿದ್ದಾರೆಂದು 2010ರ ಜುಲೈನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಬಯಲು ಮಾಡಿತು. ಅಮೆರಿಕದ ಅಧ್ಯಕ್ಷರ ಸಂಬಳ 4 ಲಕ್ಷ! ಅರೆಕಾಲಿಕ ಕೌನ್ಸಿಲ್ ಸದಸ್ಯರಿಗೂ ಲಕ್ಷದ ಹತ್ತಿರ. 2008ರಲ್ಲೇ ಒಬ್ಬ ನಿವಾಸಿ ಸಂಬಳದ ವಿವರ ಕೇಳಿದ್ದರು. ಅವರ ಕೈಗೆ ಸುಳ್ಳು ಅಂಕಿಗಳ ಕಾಗದ ಬಂತು. ರಿಝೊಗೆ 2014ರಲ್ಲಿ 12 ವರ್ಷ ಶಿಕ್ಷೆಯಾಯಿತು. ಈ ಹಗರಣದ ನಂತರ ರಾಜ್ಯದ ಕಂಟ್ರೋಲರ್ ಎಲ್ಲ ನಗರಗಳಿಂದ ಸಂಬಳದ ಲೆಕ್ಕ ತರಿಸಿ ಅಂತರಜಾಲದಲ್ಲಿ ಹಾಕಲಾರಂಭಿಸಿದರು. ನಿಮ್ಮ ಊರಿನದೂ ಅಲ್ಲಿ ಸಿಗುತ್ತದೆ.

ಹಾಗಾದರೆ ಊರಿನ ವೆಬ್‌ಸೈಟಿನಲ್ಲಿ ಏನು ಹುಡುಕಬೇಕು? ಮೇಯರ್ ರಿಬ್ಬನ್ ಕತ್ತರಿಸುವ ಫೋಟೋ ಲೆಕ್ಕಕ್ಕಿಲ್ಲ. ಸನ್‌ಶೈನ್ ರಿವ್ಯೂ ಎಂಬ ಸಂಸ್ಥೆ (2013ರಲ್ಲಿ ಬ್ಯಾಲಟ್‌ಪೀಡಿಯಾ ಜೊತೆ ಸೇರಿಹೋಯಿತು) ಇದಕ್ಕೆಂದೇ ಒಂದು ಪಟ್ಟಿ ಮಾಡಿತ್ತು: ಬಜೆಟ್, ಸಭೆಗಳು, ಆಡಿಟ್, ಕಾಂಟ್ರಾಕ್ಟ್, ತೆರಿಗೆ, ಅಧಿಕಾರಿಗಳ ವಿವರ ಇತ್ಯಾದಿ. ನನ್ನ ಮಟ್ಟಿಗೆ ಬಜೆಟ್ಟಿಗಿಂತ ಆಡಿಟ್ ವರದಿ ಮುಖ್ಯ. ಬಜೆಟ್ ಎಂದರೆ ಮಾಡುತ್ತೇವೆ ಎಂದದ್ದು, ಆಡಿಟ್ ಎಂದರೆ ಮಾಡಿದ್ದು. ಎರಡೂ ಇವೆಯೇ, ಹಿಂದಿನ ನಾಲ್ಕೈದು ವರ್ಷದವೂ ಇವೆಯೇ ನೋಡಿ. ಕಾಂಟ್ರಾಕ್ಟುಗಳು ಯಾರಿಗೆ ಹೋದವು ಎಂಬುದನ್ನು ಹುಡುಕುವಾಗಲೇ ಹೆಚ್ಚಾಗಿ ತಾಳ್ಮೆ ಕೆಡುವುದು.

ಸಭೆಗಳ ವಿಷಯದಲ್ಲಿ ಕಾನೂನೇ ನಮ್ಮ ಕಡೆಗಿದೆ. 1953ರ ಬ್ರೌನ್ ಕಾಯ್ದೆಯಂತೆ ಸಾಮಾನ್ಯ ಸಭೆಯ ಅಜೆಂಡಾ 72 ಗಂಟೆ ಮೊದಲೇ ಪ್ರಕಟವಾಗಬೇಕು. 2019ರಿಂದ ಮುಖಪುಟದಲ್ಲೇ ಅದರ ಲಿಂಕ್ ಕಾಣಬೇಕು. ನಾಲ್ಕು ಮೆನು ದಾಟಿ ಹುಡುಕಬೇಕಾದರೆ ಆ ಸೈಟಿಗೆ ಅಂಕ ಕಳೆಯಿರಿ.

ವೀಸಾ ಮೇಲಿರುವ ನಮಗೆ ಓಟಿಲ್ಲವಲ್ಲ ಎನ್ನುವವರಿದ್ದಾರೆ. ನಿಜ. ಆದರೆ ದಾಖಲೆ ಕೇಳಲು, ಸಭೆಯಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ. ನಮ್ಮೂರಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲು ಭಾರತದ ಪ್ರಜೆಯಾಗಿರಬೇಕು. ಇಲ್ಲಿ ಯಾರು ಬೇಕಾದರೂ ಕೇಳಬಹುದು. ವೆಬ್‌ಸೈಟಿನಲ್ಲಿ ಸಿಗದ್ದನ್ನು ಸಿಟಿ ಕ್ಲರ್ಕ್‌ಗೆ ಬರೆದು ಕೇಳಿ. ಕೊಡಬಹುದೋ ಇಲ್ಲವೋ ಎಂದು ಸಾಮಾನ್ಯವಾಗಿ 10 ದಿನದೊಳಗೆ ಅವರು ತಿಳಿಸಬೇಕು. ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ಇಮೇಲ್ ಒಳ್ಳೆಯದು, ತಾರೀಖು ಉಳಿಯುತ್ತದೆ.