ಎರಡು ಫ್ರೀ ಥ್ರೋ, ಒಂದು ಪಾಯಿಂಟ್

ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಇರುವುದು ವರ್ಕ್‌ಶಾಪ್ ಹಿಂದೆ. ಸಿಮೆಂಟ್ ನೆಲ, ಒಂದು ರಿಂಗ್‌ಗೆ ಮಾತ್ರ ಬಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಗೆರೆಗಳೆಲ್ಲ ಅಳಿಸಿಹೋಗಿದ್ದವು. ನಾವೇ ಬಿಳಿ ಪೇಂಟ್ ತಂದು, ಸರ್ವೇ ಲ್ಯಾಬ್‌ನ ಟೇಪ್ ಹಿಡಿದು 28 ಮೀಟರ್ ಉದ್ದ, 15 ಮೀಟರ್ ಅಗಲ ಅಳೆದು ಗೆರೆ ಎಳೆದೆವು. ಸಿವಿಲ್ ಓದುವ ನನಗೆ ಕಲಿತದ್ದು ಕೆಲಸಕ್ಕೆ ಬಂದದ್ದು ಅದೇ ಮೊದಲು!

ಹನ್ನೆರಡು ಜನ ಇರಬೇಕಾದ ಟೀಮಿನಲ್ಲಿ ಈ ಸಲ ಉಳಿದದ್ದು ಎಂಟೇ ಮಂದಿ. ಕೆಲವರಿಗೆ ಬ್ಯಾಕ್‌ಲಾಗ್, ಕೆಲವರಿಗೆ ಪ್ಲೇಸ್‌ಮೆಂಟ್ ಟ್ರೇನಿಂಗ್. ಶೇ 85 ಹಾಜರಾತಿಯ ಭಯ ಎಲ್ಲರಿಗೂ. ಹಾಗಾಗಿ ಪ್ರಾಕ್ಟೀಸ್ ಬೆಳಿಗ್ಗೆ ಆರಕ್ಕೇ.

ಕೊನೆಯ ಹತ್ತು ನಿಮಿಷ ಫ್ರೀ ಥ್ರೋ ಹಾಕಿ ಎಂದು ಪಿ.ಡಿ. ಸರ್ ದಿನವೂ ಹೇಳುತ್ತಿದ್ದರು. ನಾನು ಮಾತ್ರ 6.75 ಮೀಟರ್ ದೂರದ ತ್ರೀ ಪಾಯಿಂಟ್ ಗೆರೆಗೆ ಓಡುತ್ತಿದ್ದೆ. ಬೋರ್ಡ್‌ನಿಂದ 4.6 ಮೀಟರ್, ಅಡ್ಡ ಬರುವವರಿಲ್ಲ, ಅದನ್ನೇನು ಕಲಿಯುವುದು? ‘ಲೋ, ಅದನ್ನೂ ಹಾಕೋ ಮಾರಾಯ’ ಎನ್ನುತ್ತಿದ್ದ ಕ್ಯಾಪ್ಟನ್. ಅವನು ಏಳನೇ ಸೆಮ್, ನಮಗೆಲ್ಲ ‘ಅಣ್ಣ’.

ವಲಯ ಮಟ್ಟದ ಟೂರ್ನಿಯ ಮೊದಲ ಮ್ಯಾಚನ್ನು ನಾಲ್ಕು ಪಾಯಿಂಟ್‌ನಿಂದ ಗೆದ್ದೆವು. ಕ್ವಾರ್ಟರ್ ಫೈನಲ್‌ನಲ್ಲಿ ಇಬ್ಬರು ಐದು ಫೌಲ್ ಆಗಿ ಹೊರಬಿದ್ದರೂ ಗೆದ್ದೆವು. ಸೆಮಿಫೈನಲ್‌ನಲ್ಲಿ ಆರು ಸೆಕೆಂಡ್ ಬಾಕಿ, ನಾವು ಒಂದು ಪಾಯಿಂಟ್ ಹಿಂದೆ. ಎದುರಾಳಿ ನನ್ನ ಕೈಗೆ ಹೊಡೆದ. ಆ ಕ್ವಾರ್ಟರ್‌ನಲ್ಲಿ ಅವರ ಐದನೇ ಫೌಲ್. ನನಗೆ ಎರಡು ಫ್ರೀ ಥ್ರೋ.

ಮೊದಲನೆಯದು ರಿಂಗ್‌ನ ಮುಂಭಾಗಕ್ಕೆ ಬಡಿದು ವಾಪಸ್ ಬಂತು. ಎರಡನೆಯದು ರಿಂಗ್ ಸುತ್ತಿ ಹೊರಬಿತ್ತು. ಮ್ಯಾಚ್ ಮುಗಿಯಿತು. ಅಣ್ಣನ ಕೊನೆಯ ಟೂರ್ನಿಯೂ.

ಬಸ್ಸಿನಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮನೆಗೆ ಫೋನ್ ಮಾಡಿ ‘ಸೋತ್ವಿ ಅಪ್ಪಾ’ ಅಂದೆ. ‘ಇಂಟರ್ನಲ್ಸ್ ಯಾವಾಗ?’ ಅಂದರು ಅಪ್ಪ.

ರಾತ್ರಿ ಅಣ್ಣ ರೂಮಿಗೆ ಬಂದ. ಸಮಾಧಾನ ಹೇಳಬಹುದು ಅಂದುಕೊಂಡೆ. ‘ನಾಳೆ ಆರಕ್ಕೆ ಕೋರ್ಟ್‌ಗೆ ಬಾ’ ಅಂದ.

‘ಟೂರ್ನಿ ಮುಗೀತಲ್ಲಣ್ಣ?’

‘ಅದಕ್ಕೇ ಬಾ.’

ಬೆಳಿಗ್ಗೆ ಅವನು ರಿಂಗ್ ಕೆಳಗೆ ನಿಂತು ಬಾಲ್ ಹಿಂದಕ್ಕೆ ಎಸೆಯುತ್ತಾ ಹೋದ. ನೂರು ಹಾಕಿದೆ. ಒಳಗೆ ಬಿದ್ದದ್ದು 41. ಕಂಬದ ಮೇಲೆ ಚಾಕ್‌ಪೀಸ್‌ನಲ್ಲಿ ಅದನ್ನೇ ಬರೆದು ಹೊರಟ. ಅಂದು ಒಂಬತ್ತಕ್ಕೆ ಅವನಿಗೆ ಆಪ್ಟಿಟ್ಯೂಡ್ ಟೆಸ್ಟ್ ಇತ್ತು ಎಂದು ಅವನ ರೂಮ್‌ಮೇಟ್ ಹೇಳಿದ್ದು ಆಮೇಲೆ.

ಸೋಲಿಗೆ ಅದೃಷ್ಟ, ಒತ್ತಡ ಎಂದೆಲ್ಲ ನೆಪ ಹುಡುಕಿದ್ದೆ. ಆ 41ರ ಮುಂದೆ ಯಾವುದೂ ನಿಲ್ಲಲಿಲ್ಲ. ಸುಲಭ ಎಂದು ಬಿಟ್ಟ ಚಾಪ್ಟರ್ ಪರೀಕ್ಷೆಯಲ್ಲಿ ಕೈಕೊಡುತ್ತದಲ್ಲ, ಹಾಗೇ ಇದೂ.

ಈಗ ದಿನಾ ಐವತ್ತು ಹಾಕುತ್ತೇನೆ. ಕಳೆದ ಭಾನುವಾರ ನೂರಕ್ಕೆ 68 ಬಿತ್ತು. ಅಣ್ಣನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಎರಡು ಕಂಪನಿಗಳಲ್ಲಿ ಕೊನೆಯ ಸುತ್ತಿನಲ್ಲಿ ಹೊರಬಿದ್ದ. ಆದರೂ ಭಾನುವಾರ ಬಂದು ರಿಂಗ್ ಕೆಳಗೆ ನಿಲ್ಲುತ್ತಾನೆ. ಶನಿವಾರ ರಾತ್ರಿ ನಾನು ಅವನಿಗೆ ಇಂಟರ್‌ವ್ಯೂ ಪ್ರಶ್ನೆ ಕೇಳುತ್ತೇನೆ.

ಮೊನ್ನೆ ಫಸ್ಟ್ ಇಯರ್‌ನ ಹೊಸ ಹುಡುಗ ಕೊನೆಯ ಹತ್ತು ನಿಮಿಷಕ್ಕೆ ತ್ರೀ ಪಾಯಿಂಟ್ ಗೆರೆಯತ್ತ ಹೊರಟ. ಕರೆದು ಕಂಬದ ಮೇಲಿನ 41 ತೋರಿಸಿದೆ.

‘ಯಾರದ್ದಣ್ಣ ಇದು?’

‘ನಂದೇ’ ಅಂದೆ. ಬಾಲ್ ಅವನ ಕೈಗಿತ್ತೆ.